ಲೇಖಾಯಂತ್ರಜಾಡ್ಯ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬ ಪೂರ್ವಾಚಾರ್ಯರ ಕಟ್ಟಳೆಗೆ ತಲೆಬಾಗಿ ಹೇಳುವುದಾದರೆ, ಈ ಮೀಮಾಂಸೆಯ ವಿಷಯವು ಸಣ್ಣ ಅಂಗಡಿಗಳ ಲೆಕ್ಕದ ತಂತ್ರಾಂಶಕ್ಕೆ ಅಡರುವ ಜಾಡ್ಯವೆಂದೂ, ಪ್ರಯೋಜನವು ಅದರ ನಿವಾರಣೆಯೆಂದೂ, ಅಧಿಕಾರಿಯು ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಮೆಣಸಿನ ಘಾಟಿಗೆ ಕಣ್ಣೊರೆಸಿಕೊಳ್ಳುತ್ತ ಗಣಕದ ಮುಂದೆ ಕುಳಿತ ಗುಮಾಸ್ತನೆಂದೂ ತಿಳಿಯತಕ್ಕದ್ದು. ಸಂಬಂಧವಾದರೋ ಸ್ಪಷ್ಟ: ಯಂತ್ರದ ವೇಗಕ್ಕೂ ಆತನ ಸಂಬಳಕ್ಕೂ ಸಂಬಂಧವಿಲ್ಲ, ಬೈಗುಳಕ್ಕೆ ಉಂಟು.

ಜಾಡ್ಯವು ಪಂಚವಿಧ: ದತ್ತಗುಲ್ಮಜ, ಜಾಲವಿಚ್ಛೇದಜ, ರಕ್ಷಕೋಪದ್ರವಜ, ಧೂಲಿಜ, ತಜ್ಞಜ. ಗೋಯೆಂಕಾ ತಂದೆಮಕ್ಕಳಿಂದ 1986ರಲ್ಲಿ ಬೆಂಗಳೂರಿನಲ್ಲಿ ಉದಿಸಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಒಂದೇ ‘ಕಂಪನಿ’ಯೊಳಗೆ ಹತ್ತಾರು ವರ್ಷಗಳ ಜಮಾಖರ್ಚನ್ನು ತುಂಬುತ್ತ ಹೋಗಿ, 2017ರ ಜುಲೈ 1ರಿಂದ ಪ್ರತಿ ವೋಚರಿಗೂ ಜಿಎಸ್‌ಟಿಯ ಬಾಲವನ್ನು ಅಂಟಿಸಿದ ಬಳಿಕ, ಒಳಗೆ ಬೆಳೆಯುವ ಗೆಡ್ಡೆಯೇ ಪ್ರಥಮವಾದ ದತ್ತಗುಲ್ಮ. ಬ್ಯಾಕಪ್ ತೆಗೆದಿರಿಸಿ, ದೋಷಗಳನ್ನು ಪರೀಕ್ಷಿಸಿ, ಹಳೆಯ ವರ್ಷಗಳನ್ನು ಸ್ಪ್ಲಿಟ್ ಮಾಡುವುದು ಅದಕ್ಕೆ ಚಿಕಿತ್ಸೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಕೀರ್ದಿ ಖತಾವಣಿಗಳಿಗೆ ಕುಂಕುಮವಿಟ್ಟು ಹಳೆಯ ವಹಿಗಳನ್ನು ಅಟ್ಟಕ್ಕೇರಿಸುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಅದಕ್ಕಾಗಿ ಅವರು ಯಾರಿಗೂ ಶುಲ್ಕವನ್ನು ತೆತ್ತವರಲ್ಲ.

ದ್ವಿತೀಯವು ರಾಣೇಬೆನ್ನೂರಿನ ಬೀಜದ ಅಂಗಡಿಗಳಲ್ಲಿ ಕಾಣತಕ್ಕದ್ದು: ದತ್ತಾಂಶವು ಒಳಕೋಣೆಯ ಗಣಕದಲ್ಲಿ, ಬಿಲ್ಲು ಬರೆಯುವವನು ಎರಡು ಗೋಡೆಗಳಾಚೆಗೆ, ನಡುವೆ ಸೊರಗಿದ ವೈಫೈ. ತಂತಿಯನ್ನೆಳೆದರೆ ರೋಗವು ಶಮನವಾಗುವುದು. ತೃತೀಯದಲ್ಲಿ ಆಂಟಿವೈರಸ್ ಎಂಬ ದ್ವಾರಪಾಲಕನು ತೆರೆದ ಕಡತಗಳನ್ನೇ ಮತ್ತೆ ಮತ್ತೆ ತಪಾಸಣೆಗೆ ಒಳಪಡಿಸುವನು. ಡೇಟಾ ಫೋಲ್ಡರಿಗೆ ವಿನಾಯಿತಿ ಕೊಡಿಸಬೇಕು. ಧೂಲಿಜವನ್ನು ಸಪ್ರಮಾಣವಾಗಿ ವಿಸ್ತರಿಸುವ ಉತ್ಸಾಹವು ನನಗೀಗ ಉಳಿದಿಲ್ಲ. ಫ್ಯಾನಿನಲ್ಲಿ ಮೆಣಸಿನ ಧೂಳು ಕೂತಿದೆ, ತೆಗೆಯಿರಿ. ಹಾವೇರಿಯ ಅಂಗಡಿಯವರು ಹಳೆಯ ತಿರುಗುವ ಡಿಸ್ಕನ್ನು ಕಳಚಿ ಎಸ್‌ಎಸ್‌ಡಿ ಹಾಕಿಸಿದರೆ ಅರ್ಧ ಮೀಮಾಂಸೆಯೇ ವ್ಯರ್ಥವಾಗುವುದು.

ತಜ್ಞಜವು ಮಾತ್ರ ಅಸಾಧ್ಯಕೋಟಿಗೆ ಸೇರಿದ ವ್ಯಾಧಿ. ಬ್ಯಾಡಗಿಯಲ್ಲಿ ಸೋಮವಾರ ಗುರುವಾರಗಳ ಪೇಟೆಯಂದು ಪರದೆಯ ಮೇಲೆ ಚಕ್ರವು ಸುತ್ತುತ್ತಿರಲು, ದೂರವಾಣಿಯಲ್ಲಿ ಮೊರೆಯಿಟ್ಟವನಿಗೆ ತಜ್ಞನು ‘ಪರ್ಫಾರ್ಮೆನ್ಸ್ ಆಪ್ಟಿಮೈಸೇಶನ್’, ‘ಎಂಡ್ ಟು ಎಂಡ್ ಸೊಲ್ಯೂಶನ್’ ಎಂಬ ಬೀಜಾಕ್ಷರಗಳನ್ನು ಉಚ್ಚರಿಸಿ, ದೋಷವು ‘ಯೂಸರ್ ಬಿಹೇವಿಯರ್’ನದೆಂದು ನಿರ್ಣಯಿಸಿ, ವಾರ್ಷಿಕ ಕರಾರಿನ ನವೀಕರಣವನ್ನು ಜ್ಞಾಪಿಸುವನು.

ಯಾವ ಬಿಹೇವಿಯರ್, ಸ್ವಾಮಿ? ಬಳ್ಳಾರಿ, ರಾಯಚೂರು ಸೀಮೆಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಚೀಲಗಳ ಮೇಲೆ ಒರಗಿ ಬಂದವನೊಬ್ಬನು, ಟೆಂಡರು ಮುಗಿದು ತೂಕವಾಗಿ ಹೊತ್ತು ಮುಳುಗುತ್ತ ಬಂದರೂ ಮಾರಾಟದ ಪಟ್ಟಿಯು ಕೈಗೆ ಬಾರದೆ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ಕೀಲಿಮಣೆಯನ್ನು ಮುಟ್ಟದ ಆತನಿಗೆ ನಿಮ್ಮ ಕೈಪಿಡಿಯಲ್ಲಿ ಒಂದು ಹೆಸರೂ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಮೆಣಸಿನಕಾಯಿಯ ಇದೇ ಪೇಟೆಯಲ್ಲಿ, 2024ರ ಮಾರ್ಚ್ 11ರ ಸೋಮವಾರ, ದರ ಕುಸಿದುದಕ್ಕೆ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಆ ದರವನ್ನು ಶೀಘ್ರವಾಗಿ ಮುದ್ರಿಸಿ ಕೊಟ್ಟಿದ್ದರೆ ಅವರ ಸಾಲವೇನೂ ತೀರುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆ. ಲೆಕ್ಕವು ಎಷ್ಟು ಚುರುಕಾದರೂ ಬೆಲೆಯನ್ನು ಅದು ಕಟ್ಟಲಾರದು. ಆದರೆ ತನಗಾದ ನಷ್ಟವೆಷ್ಟೆಂದು ತಿಳಿಯುವುದಕ್ಕೂ ಬೆಳೆದವನನ್ನು ಕತ್ತಲಾಗುವವರೆಗೆ ಕಾಯಿಸುವುದು ಯಾವ ಶಾಸ್ತ್ರದ ಯಾವ ಅಧ್ಯಾಯದಲ್ಲಿ ವಿಹಿತವಾಗಿದೆ?

ಸಿದ್ಧಾಂತವಿಷ್ಟೆ: ಸ್ಪ್ಲಿಟ್, ದುರಸ್ತಿ, ತಜ್ಞಪೂಜೆ ಮೊದಲಾದ ಸಮಸ್ತ ಕರ್ಮಗಳನ್ನೂ ಪೇಟೆಯಿಲ್ಲದ ದಿನಗಳಲ್ಲಿ ನೆರವೇರಿಸತಕ್ಕದ್ದು. ಪೇಟೆಯ ದಿನ ಯಂತ್ರವು ತಡೆದು ನಿಂತರೆ, ಬಿಳಿ ಚೀಟಿಯಲ್ಲಲ್ಲ, ಅಂಗಡಿಯ ಹೆಸರೂ ಕ್ರಮಸಂಖ್ಯೆಯೂ ಇರುವ ಅಚ್ಚಿನ ಪುಸ್ತಕದಲ್ಲಿ ತೂಕ, ದರ, ಹಮಾಲಿಗಳನ್ನು ಕೈಯಾರೆ ಬರೆದು, ರೈತನಿಗೆ ಪಟ್ಟಿಯನ್ನೂ ಹಣವನ್ನೂ ಕೊಟ್ಟು ಮೊದಲು ಕಳುಹಿಸತಕ್ಕದ್ದು. ಯಂತ್ರಕ್ಕೆ ರಾತ್ರಿ ತಿಳಿಸಿದರೂ ಆದೀತು.