ರಾಯರ ಪಾರ್ ಏಳು

ಗಾಲ್ಫ್ ಗೀಳು ಹತ್ತಿದವರನ್ನು ಗುರುತಿಸಲು ಜಾತಕ ನೋಡಬೇಕಾಗಿಲ್ಲ. ಉದ್ದನೆಯ ವಸ್ತು ಏನು ಸಿಕ್ಕರೂ ಎರಡು ಕೈಯಲ್ಲಿ ಹಿಡಿದು, ಮಂಡಿ ತುಸು ಮಡಿಸಿ, ನೆಲ ನೋಡುತ್ತಾ ನಿಂತುಬಿಡುತ್ತಾರೆ. ನಮ್ಮ ಪಕ್ಕದ ಮನೆಯ ರಾಯರು ಕಳೆದ ಚಳಿಗಾಲದಿಂದ ಹೀಗಾಗಿದ್ದಾರೆ. ಯುಗಾದಿ ಊಟದ ದಿನ ಯಾರೋ ಅವರ ಕೈಗೆ ಸಾಂಬಾರಿನ ಸೌಟು ಕೊಟ್ಟರು. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಸಾಂಬಾರು ತಲುಪಲೇ ಇಲ್ಲ.

ಒಮಾನಿನಲ್ಲಿ ಮನೆಯ ಕಾಂಪೌಂಡ್ ಗೋಡೆ ಆಳೆತ್ತರ ಇರುವುದು ವಾಡಿಕೆ. ನಮ್ಮ ಪುಣ್ಯಕ್ಕೋ ಪಾಪಕ್ಕೋ, ಹಿಂಬದಿಯ ಗೋಡೆ ಎದೆಮಟ್ಟಕ್ಕೇ ನಿಂತಿದೆ. ಶನಿವಾರ ಬೆಳಿಗ್ಗೆ ರಾಯರು ಕಾಫಿ ಲೋಟವನ್ನು ಅದರ ಮೇಲೆ ಇಟ್ಟರೆಂದರೆ ಹಿಂದಿನ ದಿನದ ಹದಿನೆಂಟು ಹೋಲ್‌ಗಳ ವರದಿ ಶುರುವಾಯಿತೆಂದೇ ಅರ್ಥ.

"ನಿನ್ನೆ ಗಾಳಿ ನೋಡಿದ್ರಾ? ಚೆಂಡು ಸಮುದ್ರಕ್ಕೇ ಹೋಯ್ತು. ಆ ಗ್ರೀನ್ ಇದೆಯಲ್ಲ, ಅದು ಒಂದು ಕಡೆ ವಾಲಿದೆ ರೀ. ನಾನು ಸರಿಯಾಗಿಯೇ ಹೊಡೆದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬರುತ್ತದೆ. ಆಡುವ ಹಾಗಿಲ್ಲ. ಈ ಆಟದಲ್ಲಿ ನೆಲ ನಿಜವಾಗಿಯೂ ಡೊಂಕೇ. ಬೇರೆ ದೇಶದಿಂದ ಹೆಸರಾಂತ ಆಟಗಾರರನ್ನು ಕರೆಸಿ, ದುಡ್ಡು ಸುರಿದು ಡೊಂಕು ಮಾಡಿಸಿರುತ್ತಾರೆ. ರಾಯರ ಚೆಂಡು ನುಂಗಿದ ಅಲ್ ಮೌಜ್ ಮೈದಾನವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಗ್ರೆಗ್ ನಾರ್ಮನ್. 2012ರಲ್ಲಿ ತೆರೆದ ಆ ಮೈದಾನದ ಒಂದು ಮಗ್ಗುಲಿಗೆ ಒಮಾನ್ ಕೊಲ್ಲಿಯ ನೀರು, ಮರಗಳ ಮರೆ ಕಡಿಮೆ, ಮಧ್ಯಾಹ್ನವಾದರೆ ಗಾಳಿಗೆ ತಡೆಯಿಲ್ಲ.

ಗಾಳಿಯ ವಿಷಯದಲ್ಲಿ ಮಾತ್ರ ನಾನು ರಾಯರ ಪರ. ಯುರೋಪಿಯನ್ ಟೂರ್‌ನ ಒಮಾನ್ ಓಪನ್ ಇದೇ ಅಲ್ ಮೌಜ್‌ನಲ್ಲಿ ನಡೆಯುತ್ತಿತ್ತು. 2018ರಲ್ಲಿ ನೆದರ್ಲೆಂಡ್ಸಿನ ಯೂಸ್ಟ್ ಲೌಟನ್ ಪಾರ್‌ಗಿಂತ (ನುರಿತವರಿಗೆ ಸಾಕೆಂದು ಮೈದಾನಕ್ಕೆ ಗೊತ್ತುಮಾಡಿದ ಹೊಡೆತಗಳ ಲೆಕ್ಕ) 16 ಹೊಡೆತ ಕಡಿಮೆಯಲ್ಲಿ ಗೆದ್ದ. ಮರುವರ್ಷ ಮರಳುಗಾಳಿ ಎದ್ದು ಆಟವನ್ನೇ ನಿಲ್ಲಿಸಬೇಕಾಯಿತು. ಗೆದ್ದ ಅಮೆರಿಕದ ಕರ್ಟ್ ಕಿಟಾಯಾಮಾ ಪಾರ್‌ಗಿಂತ ಏಳು ಮಾತ್ರ ಕಡಿಮೆ. ಅದೇ ಮೈದಾನ, ಹೊಟ್ಟೆಪಾಡಿಗೆ ಆಡುವವರದೇ ಗುಂಪು, ಆದರೂ ಒಂಬತ್ತು ಹೊಡೆತದ ವ್ಯತ್ಯಾಸ. ಇದನ್ನು ಹೇಳಿದಾಗ ರಾಯರಿಗೆ ಆದ ಸಂತೋಷ ನೋಡಬೇಕಿತ್ತು. ಮನೆಯೊಳಗೆ ಕೂಗಿ ಹೇಳಿದರು: "ಕೇಳಿದ್ಯೇನೇ? ಅವರಿಗೂ ಗಾಳಿ ಹೊಡೆದಿತ್ತಂತೆ!" ಒಳಗಿನಿಂದ ರಾಯರ ಹೆಂಡತಿ ಅಕ್ಕನವರ ದನಿ: "ಅವರ ಚೆಂಡು ನನ್ನ ಕರಿಬೇವಿನ ಗಿಡಕ್ಕೆ ಬೀಳ್ತಿರ್ಲಿಲ್ಲ."

ಕರಿಬೇವಿಗೂ ಗಾಳಿಗೂ ಸಂಬಂಧವಿಲ್ಲ. ಅದು ಕ್ರಿಕೆಟ್ಟಿನ ಕೆಲಸ. ನಮ್ಮ ಕಡೆಯ ಗಂಡಸರು ಮೂವತ್ತು, ನಲವತ್ತು ದಾಟಿ ಗಾಲ್ಫಿಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಬೀದಿಯಲ್ಲಿ ಟೆನಿಸ್ ಬಾಲ್ ಬಾರಿಸಿದ ಕೈಯನ್ನು ಜೊತೆಗೇ ತರುತ್ತಾರೆ. ಆ ಬಲಗೈಗೆ ಗೊತ್ತಿರುವುದು ಒಂದೇ: ಹೊರಗಿನಿಂದ ಒಳಕ್ಕೆ ಅಡ್ಡಲಾಗಿ ಎಳೆದು ಮಿಡ್‌ವಿಕೆಟ್ ಕಡೆಗೆ ಕಳಿಸುವುದು. ಗಾಲ್ಫಿನಲ್ಲಿ ಹಾಗೆ ಅಡ್ಡ ಎಳೆಯುವಾಗ ಕ್ಲಬ್ಬಿನ ಮುಖ ಬೀಸಿದ ದಾರಿಗಿಂತ ಬಲಕ್ಕೆ ತೆರೆದಿದ್ದರೆ, ಚೆಂಡು ಗಿರಗಿರನೆ ಸುತ್ತಿ ಬಲಕ್ಕೆ ಬಾಗಿ ಹೋಗುತ್ತದೆ. ಇದೇ ಸ್ಲೈಸ್. ಹೊಸಬರಲ್ಲಿ ಬಹುಪಾಲು ಜನರ ರೋಗ.

ರೋಗಕ್ಕಿಂತ ರಾಯರು ಮಾಡಿಕೊಂಡ ಮದ್ದು ಕೆಟ್ಟದ್ದು. ಚೆಂಡು ಬಲಕ್ಕೆ ಹೋಗುತ್ತದೆಂದು ಅವರು ಎಡಕ್ಕೆ ತಿರುಗಿ ನಿಲ್ಲತೊಡಗಿದರು. ಎಡಕ್ಕೆ ತಿರುಗಿದಷ್ಟೂ ಕ್ಲಬ್ ಇನ್ನಷ್ಟು ಅಡ್ಡಲಾಗಿ ಬರುತ್ತದೆ, ಸ್ಲೈಸ್ ಇನ್ನಷ್ಟು ಜಾಸ್ತಿಯಾಗುತ್ತದೆ, ಮರುವಾರ ಅವರು ಇನ್ನೂ ಎಡಕ್ಕೆ. ಹೀಗೇ ಬಿಟ್ಟಿದ್ದರೆ ಮಳೆಗಾಲದ ಹೊತ್ತಿಗೆ (ಮಳೆ ಇಲ್ಲಿಯದಲ್ಲ, ಊರಿನದು) ಹಿಂದಿರುಗಿ ನಿಂತೇ ಹೊಡೆಯುತ್ತಿದ್ದರೇನೋ. ನಾನು ಗೋಡೆಯ ಈಚೆಯಿಂದಲೇ ಹೇಳಿದೆ: "ರಾಯರೇ, ಪಾದ ಮುಟ್ಟಬೇಡಿ, ಹಿಡಿತ ನೋಡಿ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು, ಎರಡೂವರೆ ಗೆಣ್ಣು ಕಾಣಬೇಕು. ಬಿಗಿ ಎಷ್ಟಿರಬೇಕೆಂದರೆ, ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು. ಕಳ್ಳನನ್ನು ಹಿಡಿದಷ್ಟು ಬೇಡ."

ಇನ್ನೊಂದು ಚಟ, ಚೆಂಡನ್ನು ಮೇಲಕ್ಕೆ ಎತ್ತುವುದು. ಎತ್ತಲು ಹೋದವರ ಕ್ಲಬ್ ಚೆಂಡಿನ ನೆತ್ತಿ ಸವರುತ್ತದೆ, ಚೆಂಡು ನೆಲ ಬಿಡುವುದೇ ಇಲ್ಲ. ಆಗ ಜೊತೆಯಲ್ಲಿದ್ದವರೆಲ್ಲ ತಪ್ಪದೆ ಹೇಳುವ ಮಾತು, "ತಲೆ ಎತ್ತಿದಿರಿ". ಪಾಪ, ತಲೆಯದೇನೂ ತಪ್ಪಿಲ್ಲ. ಚೆಂಡನ್ನು ಎತ್ತುವುದು ಕ್ಲಬ್ಬಿನ ಮುಖಕ್ಕೆ ಕೊಟ್ಟಿರುವ ಓರೆಯ ಕೆಲಸ, ನಮ್ಮದಲ್ಲ. ಐರನ್ ಆದರೆ ಕೆಳಮುಖವಾಗಿ ಬಂದು ಮೊದಲು ಚೆಂಡು, ಆಮೇಲೆ ನೆಲ ತಾಗಬೇಕು. ಇದನ್ನು ನಂಬುವುದು ಕಷ್ಟ. ರಾಯರು ವೃತ್ತಿಯಿಂದ ಎಂಜಿನಿಯರ್, ಇಳಿಜಾರು ಸಮತಲದ ಲೆಕ್ಕ ಮಾಡಿ ಪಾಸಾದವರು, ಅವರಿಗೇ ಇನ್ನೂ ಅನುಮಾನ.

ಮಸ್ಕತ್‌ನಲ್ಲಿ ಈ ಪಾಠವನ್ನು ಹಿಂದೆ ನೆಲವೇ ಕಲಿಸುತ್ತಿತ್ತು. ಈಗ ಹಸಿರು ನೋಡಿ ಬಂದವರಿಗೆ ನಂಬಿಕೆ ಬರಲಿಕ್ಕಿಲ್ಲ. ಈ ದೇಶಕ್ಕೆ ಹದಿನೆಂಟು ಹೋಲ್‌ಗಳ ಹುಲ್ಲಿನ ಮೈದಾನ ಬಂದದ್ದೇ 2009ರಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಮಸ್ಕತ್ ಹಿಲ್ಸ್‌ನಲ್ಲಿ. ಅದಕ್ಕೂ ಮುಂಚೆ ಎಣ್ಣೆ ಕಂಪನಿಯವರೂ ಅವರ ಅತಿಥಿಗಳೂ ಆಡಿದ್ದು ಮರಳಿನ ಮೇಲೆ. ಇಂದು ಹಸಿರಾಗಿರುವ ಘಾಲಾ ಮೈದಾನ ಕೂಡ ಮೊದಲು ಮರಳಿನದೇ. ಮರಳಿನ ಮೈದಾನದಲ್ಲಿ ಗ್ರೀನ್ ಇರುವುದಿಲ್ಲ, ಬ್ರೌನ್ ಇರುತ್ತದೆ: ಮರಳಿಗೆ ಎಣ್ಣೆ ಬೆರೆಸಿ, ಉರುಳೆ ಹಾಯಿಸಿ ಗಟ್ಟಿ ಮಾಡಿದ ಕಂದು ವೃತ್ತ. ನಡೆದಾಡಿದ ಹೆಜ್ಜೆ ಗುರುತನ್ನು ಗುಡಿಸಿ ಮುಂದಿನವರಿಗೆ ಬಿಟ್ಟುಕೊಡಬೇಕು. ಫೇರ್‌ವೇ ಅಂದರೆ ಗುರುತಿನ ಕಂಬಗಳ ನಡುವಿನ ನೆಲ, ಅಷ್ಟೇ. ಚೆಂಡು ಅದರೊಳಗೆ ಬಿದ್ದರೆ ಬಗಲಲ್ಲಿ ಹೊತ್ತು ತಂದ ಚಾಪೆಯ ತುಂಡನ್ನು ಹಾಸಿ ಅದರ ಮೇಲಿಟ್ಟು ಹೊಡೆಯಬಹುದು. ಹೊರಗೆ ಬಿತ್ತೋ, ಕಲ್ಲೋ ಮರಳೋ ಇದ್ದಲ್ಲಿಂದಲೇ. ಅಂಥ ಕಡೆ ಆಡಿ ಬಂದ ಹಳಬರು ದೂರ ಹೊಡೆಯಲು ಹೋಗುವುದು ಕಡಿಮೆ, ಕಂಬಗಳ ನಡುವೆ ಇಡುತ್ತಾ ಹೋಗುತ್ತಾರೆ. ಅರವತ್ತು ದಾಟಿದ ಅಂಥವರೊಬ್ಬರ ಜೊತೆ ಆಡಿದ ದಿನ ರಾಯರು ಗೋಡೆಯ ಬಳಿ ಬರಲೇ ಇಲ್ಲ.

ಮರಳಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬಂಕರಿನ ಮರಳೂ ಫೇರ್‌ವೇ ಆಚೆಯ ಮರುಭೂಮಿಯೂ ಒಂದಲ್ಲ. ಬಂಕರಿನದು ಮೆತ್ತನೆಯ ಮರಳು. ವೆಜ್‌ನ ಮುಖ ತೆರೆದು, ಚೆಂಡಿಗಿಂತ ಎರಡು ಅಂಗುಲ ಹಿಂದೆ ಮರಳಿಗೇ ಹೊಡೆದರೆ ಮರಳು ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ. ಹೊಡೆಯುವ ಮುಂಚೆ ಕ್ಲಬ್ಬನ್ನು ಚೆಂಡಿನ ಹಿಂದಿನ ಮರಳಿಗೆ ತಾಗಿಸಿದರೆ ದಂಡ. ಆಚೆಯದು ಮೇಲೆ ಹೆಪ್ಪುಗಟ್ಟಿದ ಗಟ್ಟಿ ನೆಲ. ಅಲ್ಲಿ ಎರಡು ಅಂಗುಲ ಹಿಂದೆ ಹೊಡೆದರೆ ವೆಜ್ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಗ್ರೀನ್ ದಾಟಿ ಮತ್ತೊಂದು ಮರುಭೂಮಿಗೆ. ಅಲ್ಲಿ ಬುದ್ಧಿವಂತಿಕೆ ಎಂದರೆ ಹತ್ತಿರದ ಹುಲ್ಲಿಗೆ ಅಡ್ಡಡ್ಡ ತಳ್ಳಿ, ಒಂದು ಹೊಡೆತ ಕಳೆದುಕೊಂಡು ಸುಮ್ಮನಾಗುವುದು. ರಾಯರಿಗೆ ಅದು ಅವಮಾನ. ಬಂಡೆಗಳ ಸಂದಿಯಿಂದ ನೇರ ಧ್ವಜಕ್ಕೇ ಗುರಿ.

ಅವರ ನಿಜವಾದ ಕಾಯಿಲೆ ಇದೇ ಅಂತ ನನ್ನ ತೀರ್ಮಾನ. ಸ್ಲೈಸೂ ಅಲ್ಲ, ಗಾಳಿಯೂ ಅಲ್ಲ. ಟಿವಿಯಲ್ಲಿ ನೋಡಿದ ಪಾರ್‌ಗೆ ತಾವು ಆಡುತ್ತಿದ್ದೇವೆ ಅಂದುಕೊಂಡಿರುವುದು. ಒಂದು ದಿನ ಕಾಫಿ ಆರುವ ಮುಂಚೆ ಲೆಕ್ಕ ಹಾಕಿ ತೋರಿಸಿದೆ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ. ಅದರಲ್ಲಿ ಹೊಸಬನಿಗೆ ಸಿಗುವ ಗರಿಷ್ಠ ರಿಯಾಯಿತಿ 54. ಹದಿನೆಂಟಕ್ಕೆ ಹಂಚಿದರೆ ಸರಿಸುಮಾರು ಹೋಲ್‌ಗೆ ಮೂರು. ಅಂದರೆ ಪಾರ್ ನಾಲ್ಕು ಎಂದು ಫಲಕದಲ್ಲಿ ಬರೆದಿರುವಲ್ಲಿ ರಾಯರ ಪಾರ್ ಏಳು. ಮೈದಾನದ ಪಾರ್ 72 ಆದರೆ ಇವರದು 126. ಏಳು ಹೊಡೆತ ಕೈಯಲ್ಲಿದೆ ಎಂದು ಗೊತ್ತಿರುವವನು ಬಂಡೆಗಳ ಸಂದಿಯಿಂದ ಪವಾಡಕ್ಕೆ ಕೈಹಾಕುವುದಿಲ್ಲ. ಮೂರರಲ್ಲೋ ನಾಲ್ಕರಲ್ಲೋ ಗ್ರೀನ್ ತಲುಪಿ, ಕೊನೆಗೊಂದು ಮಿಗಿಸಿಕೊಂಡು ಮನೆಗೆ ಬರುತ್ತಾನೆ.

"ಅದು ಸರಿ, ಆದರೆ ಹೊಸ ಡ್ರೈವರ್ ತೆಗೆದುಕೊಂಡರೆ ಹೇಗೆ?" ಎಂದರು ರಾಯರು.

ಈ ಪ್ರಶ್ನೆಗೂ ಲೆಕ್ಕವೇ ಉತ್ತರ. ಪಾರ್ ಹಾಕುವಾಗ ಪ್ರತಿ ಗ್ರೀನಿಗೆ ಎರಡು ಪಟ್ ಎಂದು ಹಿಡಿದಿರುತ್ತಾರೆ. 72ರಲ್ಲಿ 36, ಸರಿಯಾಗಿ ಅರ್ಧ, ಪಟರ್ ಎಂಬ ಒಂದೇ ಕ್ಲಬ್ಬಿನ ಪಾಲು. ರಾಯರು ಸಲೀಸಾಗಿ ಮೂರು ಪಟ್ ಮಾಡುವವರು. ಮೂರನ್ನು ಎರಡಕ್ಕೆ ಇಳಿಸಿದರೆ ಒಂದು ಸುತ್ತಿಗೆ 18 ಹೊಡೆತ ಉಳಿತಾಯ. ಹದಿನೆಂಟು ಹೊಡೆತ ಉಳಿಸಿಕೊಡುವ ಡ್ರೈವರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅನುಮಾನವಿದ್ದರೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಇದ್ದಾರೆ. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಲ್ಫ್ ಎಂದರೆ ಏನೆಂದು ತಿಳಿಯದವರೂ ಬೆಳಗಿನ ಜಾವ ಎದ್ದು ಟಿವಿ ಹಾಕುವಂತೆ ಮಾಡಿದವರು. ಕೊನೆಗೆ ನಾಲ್ಕನೆಯ ಸ್ಥಾನ, ಕಂಚಿಗೆ ಒಂದೇ ಹೊಡೆತ ಕಮ್ಮಿ. ಆ ವರ್ಷವೇ ಕೋವಿಡ್ ಬಂದು ಹೋಗಿ ಅವರ ಹೊಡೆತದ ದೂರ ಇನ್ನೂ ತಗ್ಗಿತ್ತು. ಜೊತೆಗೆ ಆಡಿದವರು ಎಷ್ಟೋ ಮುಂದೆ ಬಾರಿಸುತ್ತಿದ್ದರು. ಅವರನ್ನು ಕೊನೆಯ ದಿನದ ತನಕ ಪದಕದ ಸಾಲಿನಲ್ಲಿ ಇಟ್ಟದ್ದು ಪಟರ್. ಬ್ಯಾಗ್ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಇದನ್ನು ಕೇಳಿ ರಾಯರು ಒಳಬಾಗಿಲ ಕಡೆ ಆಸೆಯಿಂದ ನೋಡಿದರು. "ನಾನಂತೂ ಹೊರುವುದಿಲ್ಲ" ಎಂಬ ಉತ್ತರ ಕೇಳುವ ಮುಂಚೆಯೇ ಬಂತು.

ಪಟಿಂಗ್ ಕಲಿಯಲು ಮೈದಾನವೂ ಬೇಡ. ಹಾಲ್‌ನಲ್ಲಿ ರತ್ನಗಂಬಳಿ ಇದ್ದೇ ಇದೆ. ಗಾಲ್ಫಿನ ಕುಳಿಯ ವ್ಯಾಸ 108 ಮಿಲಿಮೀಟರ್. ನಮ್ಮ ಸ್ಟೀಲ್ ಕಾಫಿ ಲೋಟದ ಬಾಯಿ ಅದಕ್ಕಿಂತ ಕಿರಿದು. ಲೋಟ ಅಡ್ಡ ಮಲಗಿಸಿ, ಮೂರು ಅಡಿಯಿಂದ ಸೇರಿಸುವುದು ರೂಢಿಯಾದರೆ ಮೈದಾನದ ಕುಳಿ ದೊಡ್ಡದಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಇದೇ ಗತಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ ತನಕ ಬಯಲಲ್ಲಿ ಕೆಲಸ ಮಾಡಿಸುವುದನ್ನೇ ಇಲ್ಲಿನ ಕಾನೂನು ನಿಷೇಧಿಸಿದೆ. ಕೂಲಿ ಕೊಟ್ಟರೂ ಮಾಡಿಸಬಾರದ ಹೊತ್ತಿನಲ್ಲಿ ದುಡ್ಡು ಕೊಟ್ಟು ಬಿಸಿಲಲ್ಲಿ ನಿಲ್ಲುವವರಿಗೆ ಏನನ್ನೋಣ? ಸೂರ್ಯ ಏಳುವ ಮುಂಚೆ ಹೊರಡಬೇಕು, ಇಲ್ಲವೇ ರಾತ್ರಿ ದೀಪದಡಿಯ ರೇಂಜಿಗೆ ಹೋಗಬೇಕು. ಹೋದರೂ ಬುಟ್ಟಿ ಚೆಂಡನ್ನೆಲ್ಲ ಡ್ರೈವರಿನಿಂದ ಕತ್ತಲೆಗೆ ತೂರಬಾರದು. ಅರ್ಧ ಬುಟ್ಟಿ ವೆಜ್‌ಗೆ, ಉಳಿದದ್ದರಲ್ಲಿ ಹೆಚ್ಚು ಪಾಲು ಏಳನೇ ಐರನ್ನಿಗೆ.

ಖರ್ಚಿನ ಮಾತು ಎತ್ತಿದವರು ಅಕ್ಕನವರು. ಶ್ರೀಮಂತರ ಆಟ ಎಂಬ ಮಾತನ್ನು ಪೂರ್ತಿ ಸುಳ್ಳು ಎನ್ನಲಾರೆ. ಆದರೆ ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದು, ಅಲ್ಲೇ ಆಟ ಕಲಿತು ವೃತ್ತಿಪರನಾದ ಚಿಕ್ಕರಂಗಪ್ಪನ ಕೈಗೆ ಮೊದಲು ಬಂದದ್ದು ಅಂಗಡಿಯ ಹೊಸ ಸೆಟ್ ಆಗಿರಲಾರದು. ಗಲ್ಫಿನಲ್ಲಂತೂ ಒಂದು ಅನುಕೂಲವಿದೆ: ಪ್ರತಿ ತಿಂಗಳೂ ಯಾರೋ ಒಬ್ಬರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುತ್ತಾರೆ, ಸೋಫಾ ಮತ್ತು ವಾಷಿಂಗ್ ಮಷಿನ್ ಜೊತೆ ಗಾಲ್ಫ್ ಸೆಟ್ಟೂ ಮಾರಾಟಕ್ಕೆ ಬರುತ್ತದೆ. ನಿಯಮ 14 ಕ್ಲಬ್‌ಗಳಿಗೆ ಅವಕಾಶ ಕೊಡುತ್ತದೆ. ಹೊಸಬನಿಗೆ ಏಳು ಸಾಕು. ಮಿಕ್ಕ ರಿಯಾಲನ್ನು ಒಳ್ಳೆಯ ಕೋಚ್ ಒಬ್ಬರಿಗೆ ಕೊಡಿ. ಯೂಟ್ಯೂಬಿನ ಎಂಟು ಗುರುಗಳ ಎಂಟು ಮಾತು ಒಂದೇ ಸೊಂಟದಲ್ಲಿ ಹಿಡಿಸುವುದಿಲ್ಲ.

ರಾಯರು ಸುಧಾರಿಸಿದ್ದಾರೆಯೇ? ಸ್ವಲ್ಪ. ಅಕ್ಕನವರ ಕರಿಬೇವು ಚಿಗುರಿದೆ.

ಮಸ್ಕತ್‌ನಲ್ಲಿ ಹೊಸದಾಗಿ ಕ್ಲಬ್ ಹಿಡಿದಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಚಳಿಗಾಲದ ಮೊದಲ ಶುಕ್ರವಾರ ಡ್ರೈವರನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಇಳಿಯಿರಿ. ಪಾರ್ ಏಳು ಎಂದುಕೊಂಡು ಆಡಿ. ಗ್ರೀನಿನ ಅಂಚಿಗೆ ಬಂದ ಮೇಲೆ ಹುಲ್ಲು ಸಣ್ಣದಿದ್ದರೆ ಹೊರಗಿನಿಂದಲೇ ಪಟರ್ ತೆಗೆಯಿರಿ, ಯಾರೂ ನಗುವುದಿಲ್ಲ. ಹಿಂದಿನವರು ಕಾಯುತ್ತಿದ್ದರೆ ದಾರಿ ಬಿಡಿ. ಬಂಡೆಗಳ ನಡುವೆ ಕಳೆದ ಚೆಂಡನ್ನು ತುಂಬಾ ಹೊತ್ತು ಹುಡುಕಬೇಡಿ. 2019ರಿಂದ ನಿಯಮ ಕೊಡುವುದು ಮೂರೇ ನಿಮಿಷ.