ಹಾರಂಗಿಯ ನೀರಿಗೆ ಯಾವ ರಾಗ?

ಕನ್ನಡದ ಚಿತ್ರಸಂಗೀತ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಳೆಗಾಲದಲ್ಲಿ ಕೊಡಗಿನ ಹಾರಂಗಿ ಜಲಾಶಯದ ಮಟ್ಟ 2,859 ಅಡಿಯ ಹತ್ತಿರ ಬಂದರೆ ಇಲ್ಲಿ ಕ್ರೆಸ್ಟ್ ಗೇಟ್ ಎತ್ತುತ್ತಾರೆ. ಧುಮ್ಮಿಕ್ಕುವ ನೀರನ್ನು ಮೊಬೈಲಿನಲ್ಲಿ ಹಿಡಿಯಲು ಜನ ಸೇರುತ್ತಾರೆ. ಸಂಜೆಯ ಹೊತ್ತಿಗೆ ಅದೇ ನೀರು ಒಂದು ರೀಲ್‌ನಲ್ಲಿ ಪ್ರೇಮಗೀತೆಯ ಜೊತೆ ಹರಿಯುತ್ತದೆ, ಇನ್ನೊಂದರಲ್ಲಿ ನಾಯಕನ ಪ್ರವೇಶಕ್ಕೆ ಬಾರಿಸುವ ಅಬ್ಬರದ ಡೋಲಿಗೆ ಸೊಕ್ಕುತ್ತದೆ. 2018 ಮತ್ತು 2019ರಲ್ಲಿ ಮನೆಯೊಳಗೆ ನೀರು ಕಂಡ ಕುಶಾಲನಗರದವರು ಮಾತ್ರ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ವಿಚಾರಿಸುತ್ತಿರುತ್ತಾರೆ.

ಆ ರಾಗಗಳೆಲ್ಲ ನಿಮ್ಮ ಕೈಯಿಂದ ಬಂದವು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಶಕ್ತಿ ಎಷ್ಟೆಂಬುದು ಪ್ರಯೋಗದಲ್ಲೂ ಕಂಡಿದೆ. ತ್ರಿಕೋನ, ವೃತ್ತಗಳಷ್ಟೇ ಓಡಾಡುವ ಒಂದು ಪುಟ್ಟ ಚಿತ್ರವನ್ನು ಮಾರ್ಷಲ್ ಮತ್ತು ಕೊಹೆನ್ ಎಂಬ ಸಂಶೋಧಕರು ಬೇರೆ ಬೇರೆ ಸಂಗೀತದೊಂದಿಗೆ ತೋರಿಸಿದರು. ಸಂಗೀತ ಬದಲಾದಾಗ ಆ ಆಕಾರಗಳ ಸ್ವಭಾವದ ಬಗ್ಗೆ ನೋಡುಗರ ಅಭಿಪ್ರಾಯವೂ ಬದಲಾಯಿತು. 1988ರಲ್ಲಿ ಪ್ರಕಟವಾದ ಅಧ್ಯಯನವಿದು. ಮುಖವೇ ಇಲ್ಲದ ತ್ರಿಕೋನಕ್ಕೆ ಗುಣ ಕೊಡಬಲ್ಲ ಸಂಗೀತ ನಮ್ಮ ನದಿಗೆ, ಮಳೆಗೆ, ಸಾವಿಗೆ ಏನು ತಾನೇ ಮಾಡಲಾರದು?

ಕೊಡಗು ನಿಮಗೆ ಋಣಿಯಾಗಿದೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’ದಲ್ಲಿ ವಿಜಯಭಾಸ್ಕರ್ ಅವರ ಸಂಗೀತ ಕಾವೇರಿ ಎಂಬ ಹೆಣ್ಣನ್ನೂ ಕಾವೇರಿ ಎಂಬ ಹೊಳೆಯನ್ನೂ ಒಟ್ಟಿಗೆ ನಮ್ಮೆದೆಗೆ ಇಳಿಸಿತು. ಆ ಸಂಗೀತದ ಉಲ್ಲಾಸವನ್ನು ಮೊದಲು ಕೇಳಿದ್ದರಿಂದಲೇ ಮುಂದೆ ಅವಳ ಮನಸ್ಸು ಒಡೆದಾಗ ನಮಗೆ ಅಷ್ಟು ನೋವಾಗುತ್ತದೆ. 2006ರ ‘ಮುಂಗಾರು ಮಳೆ’ಯಲ್ಲಿ ಮನೋಮೂರ್ತಿಯವರು ಮಡಿಕೇರಿಯ ಕಥೆಗೆ ಕೊಟ್ಟ ರಾಗಗಳಿಂದ ಇಡೀ ನಾಡಿಗೆ ಮಳೆಯೆಂದರೆ ಪ್ರೀತಿಯಾಯಿತು. ಅದು ದೊಡ್ಡ ಸಾಧನೆ.

ಆದರೆ 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಜರಿಯಿತು. ಮನೆ, ತೋಟ, ಗದ್ದೆ, ಜೀವಗಳು ಹೋದವು. ಕುಸಿಯುವ ಮನೆಯ ದೃಶ್ಯಕ್ಕೂ ಕೆಲವರು ಸಿನಿಮಾದ ಹಿನ್ನೆಲೆ ಸಂಗೀತ ಜೋಡಿಸಿದರು. ಪಿಟೀಲು ಏರುತ್ತಿದ್ದಂತೆ ನೋಡುಗನ ಎದೆ ಹೊಡೆದುಕೊಳ್ಳುತ್ತದೆ, ಇಳಿದಾಗ ಹಗುರಾಗುತ್ತದೆ. ಮನೆ ಕಳೆದುಕೊಂಡವರ ದುಃಖ ಹಾಗೆ ಇಳಿಯುವುದಿಲ್ಲ. ಸಂಗೀತ ಅತ್ತು ಮುಗಿಸಿದ್ದರಿಂದ ನೋಡುಗನಿಗೆ ತಾನೂ ಮಾಡಬೇಕಾದದ್ದನ್ನು ಮಾಡಿದೆ ಎನಿಸಿಬಿಡುತ್ತದೆ. ನನಗೆ ಭಯವಿರುವುದು ಇದರ ಬಗ್ಗೆ.

ಇದಕ್ಕೆ ಬೇರೆ ದಾರಿ ಈ ನೆಲದಲ್ಲೇ ಇದೆ. ಕೊಡವರ ಬಾಳೊ ಪಾಟ್ ಎಂಬ ಜನಪದ ಹಾಡಿನಲ್ಲಿ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಾರೆ. ಮದುವೆಗೂ ಸಾವಿಗೂ ಅದೇ ದುಡಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳನ್ನು ಕೂಡಿಟ್ಟರು. ದುಡಿ ಲಯ ಹಿಡಿದು ನಡೆಸುತ್ತದೆ. ನಗುವುದನ್ನೂ ಅಳುವುದನ್ನೂ ಕೇಳುವವರಿಗೇ ಬಿಡುತ್ತದೆ. ತೆರೆಯ ಮೇಲೂ ಇಂಥದ್ದನ್ನು ಕಂಡಿದ್ದೇವೆ. ಬಿ.ವಿ. ಕಾರಂತರು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ ‘ಚೋಮನ ದುಡಿ’ಯಲ್ಲಿ (1975) ಚೋಮನ ಸಿಟ್ಟು, ಸಂಕಟಗಳಿಗೆ ಅವನ ವಾದ್ಯವೇ ಬಾಯಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಕೊಡಗಿನಲ್ಲಿ ಚಿತ್ರೀಕರಿಸುವಾಗ ಇಲ್ಲಿನ ಮಳೆ, ಹೊಳೆ, ಮಾತುಗಳ ಸದ್ದನ್ನು ಇಲ್ಲೇ ದಾಖಲಿಸಿಕೊಳ್ಳಲು ನಿರ್ದೇಶಕರನ್ನು ಒತ್ತಾಯಿಸಿ. ರೀರೆಕಾರ್ಡಿಂಗ್‌ಗೆ ಕುಳಿತಾಗ ಆ ದೃಶ್ಯವನ್ನು ಮೊದಲು ಅದರದೇ ಸದ್ದಿನಲ್ಲಿ ನೋಡಿ. ಸಂಗೀತವಿಲ್ಲದೆಯೂ ಎದೆ ತಟ್ಟಿದರೆ ಅದನ್ನು ಹಾಗೆಯೇ ಬಿಡಿ. ತಟ್ಟದಿದ್ದರೆ ನಿಮ್ಮ ಸ್ವರ ಬರಲಿ. ನಾವು ತುಂಬು ಮನಸ್ಸಿನಿಂದ ಕೇಳುತ್ತೇವೆ. ನೀವು ಕೈ ತಡೆದು ಬಿಟ್ಟ ಕಡೆ ನಮ್ಮ ದುಃಖವನ್ನು ನಾವೇ ಪಡುತ್ತೇವೆ. ಆ ಹಕ್ಕು ಪ್ರೇಕ್ಷಕನಿಗೆ ಸೇರಿದ್ದು.

ಇಂತಿ ತಮ್ಮ ವಿಶ್ವಾಸಿ,
ಹಾರಂಗಿಯ ಒಬ್ಬ ಪ್ರೇಕ್ಷಕ