ಒಳ್ಳೆ ಮೆಣಸು, ಬರೇ ಮೆಣಸು

ಕೋಟೇಶ್ವರದ ಅಜ್ಜಿಯೊಬ್ಬರು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗನ ಮನೆಗೆ ಆರು ತಿಂಗಳ ವೀಸಾದಲ್ಲಿ ಹೋಗಿಳಿದರು. ಹೋದ ಎರಡನೇ ದಿನವೇ ಬಂಗುಡೆ ಸಾರಿಗೆ ಮಸಾಲೆ ಕಡೆಯಲು ನಿಂತವರು ಎಂಟು ವರ್ಷದ ಮೊಮ್ಮಗನಿಗೆ, "ಮಗಾ, ಆ ಮೆಣ್ಸ್ ತಕಂಡ್ ಬಾ" ಅಂದರು. ಹುಡುಗ ಭಾನುವಾರದ ಕನ್ನಡ ತರಗತಿಗೆ ತಪ್ಪದೆ ಹೋಗುವವ. ಅಲ್ಲಿ ಕಲಿಸಿದ ಪ್ರಕಾರ ಮೆಣಸು ಅಂದರೆ ಪೆಪ್ಪರ್. ಊಟದ ಮೇಜಿನ ಮೇಲಿದ್ದ ಪೆಪ್ಪರ್ ಡಬ್ಬಿ ತಂದು ಕೈಗಿತ್ತ.

"ಇದಲ್ಲ ಮಗಾ, ಇದ್ ಒಳ್ಳೆ ಮೆಣ್ಸ್."

ಹುಡುಗ ಡಬ್ಬಿಯನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದ. "ಹಾಗಾದ್ರೆ ನಿಂಗೆ ಬೇಕಾದ್ದು ಕೆಟ್ಟ ಮೆಣಸಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಬಂದದ್ದು ಮಾತ್ರ ಕೆಲವು ಶತಮಾನ ತಡವಾಗಿ. ಮೆಣಸು ಅನ್ನುವ ಹೆಸರು ಮೊದಲು ಬಳ್ಳಿಯಲ್ಲಿ ಬಿಡುವ ಕಾಳಿನದೇ. ಅದರ ವ್ಯಾಪಾರದ ಜೋರಿಗೇ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು. ಆ ಕಾಳನ್ನು ಹುಡುಕಿಕೊಂಡು 1492ರಲ್ಲಿ ಹೊರಟ ಕೊಲಂಬಸ್ ದಾರಿ ತಪ್ಪಿ ಅಮೆರಿಕ ಸೇರಿದ. ಅಲ್ಲಿ ಬಾಯಿ ಸುಡುವ ಕೆಂಪು ಕಾಯಿಯೊಂದು ಸಿಕ್ಕಿತು, ಅದನ್ನೇ ಪೆಪ್ಪರ್ ಅಂದುಬಿಟ್ಟ. ಮುಂದೆ ಪೋರ್ಚುಗೀಸರು ಆ ಕಾಯಿಯನ್ನು ನಮ್ಮ ಪಡುವಣ ಕರಾವಳಿಗೆ ತಂದರು. ಕುಂದಾಪುರದ ಮಗ್ಗುಲಲ್ಲೇ ಇರುವ ಬಸ್ರೂರು ಆಗ ದೊಡ್ಡ ಬಂದರು. ಅಲ್ಲಿಂದ ಅಕ್ಕಿ ಕೊಂಡೊಯ್ಯುತ್ತಿದ್ದವರೂ ಇದೇ ಪೋರ್ಚುಗೀಸರು. ನಮ್ಮವರಾದರೂ ಕೊಲಂಬಸ್‌ಗಿಂತ ಜಾಣರೇನಲ್ಲ. ಬಾಯಿ ಸುಡುತ್ತದಲ್ಲ, ಹಾಗಾದರೆ ಇದೂ ಮೆಣಸೇ ಎಂದರು.

ಬಾಡಿಗೆಗೆ ಬಂದವ ಮನೆ ತನ್ನ ಹೆಸರಿಗೆ ಮಾಡಿಕೊಂಡ ಕತೆ ಇದು. ಈಗ ಕುಂದಾಪುರದ ಅಡುಗೆಮನೆಯಲ್ಲಿ ಬರೇ ಮೆಣಸು ಅಂದರೆ ಕೆಂಪು ಮೆಣಸು. ಹಳೇ ಯಜಮಾನ ತನ್ನ ಗುರುತಿಗೆ ಒಂದು ವಿಶೇಷಣ ಅಂಟಿಸಿಕೊಂಡು 'ಒಳ್ಳೆ ಮೆಣಸು' ಆಗಬೇಕಾಯಿತು. ಬ್ರಹ್ಮಾವರದ ಆಚೆ ತುಳು ಶುರುವಾದಲ್ಲಿ ಅದು 'ಎಡ್ಡೆ ಮುಂಚಿ', ಅರ್ಥ ಅದೇ. ಹೊರನಾಡಿಗ ಅಂದರೆ ಹೀಗಿರಬೇಕು! ರೆಡಿಂಗ್‌ನ ಮಗ ಹದಿನಾಲ್ಕು ವರ್ಷದಿಂದ ಅಲ್ಲಿದ್ದಾನೆ; ಫೋನಿನಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಇನ್ನೂ ಮೂರು ಸಲ ಬಿಡಿಸಿ ಹೇಳಬೇಕು.

ಅಜ್ಜಿಯ ಪೆಟ್ಟಿಗೆಯ ವಿಷಯಕ್ಕೆ ಬರೋಣ. 23 ಕೆ.ಜಿ.ಯ ಆ ಪೆಟ್ಟಿಗೆಯಲ್ಲಿ ಸೀರೆ ನಾಲ್ಕು, ಉಳಿದದ್ದು ಹೆಚ್ಚಾಗಿ ಮೆಣಸು: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಕುಮ್ಟಿ, ಮೂಲೆಯಲ್ಲಿ ಒಂದು ಪೊಟ್ಟಣ ಒಣಗಿದ ಜೀರಿಗೆ ಮೆಣಸು. ವಿಮಾನ ನಿಲ್ದಾಣದಲ್ಲಿ ಇದಕ್ಕೆಲ್ಲ ಯಾರೂ ತಕರಾರು ಮಾಡಲಿಲ್ಲ. ಹಿಡಿದದ್ದು ಜೊತೆಗಿದ್ದ ಕೊಬ್ಬರಿಯನ್ನು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯೇರಿದರೆ ಬೆಂಕಿ ಹಿಡಿಯಬಹುದು. ಹಾಗಾಗಿ ವಿಮಾನಯಾನದ ನಿಯಮದಲ್ಲಿ ಅದು ಅಪಾಯಕಾರಿ ಸರಕು. "ಬೆಂಕಿ ಹಿಡೂದ್ ಕೊಬ್ಬರಿಗಾ? ಮೆಣ್ಸಿಗಲ್ದಾ?" ಎಂದು ಅಜ್ಜಿ ಇವತ್ತಿಗೂ ಕೇಳುತ್ತಾರೆ.

ಆ ಮನೆಯ ಸೊಸೆ ಬೆಂಗಳೂರಿನವಳು. ಅವಳಿಗೂ ಮೆಣಸಿಗೂ ಮೊದಲ ಪರಿಚಯ ಆದದ್ದು ವ್ಯಾಕರಣದಿಂದ. ಮದುವೆಯಾದ ಹೊಸತರಲ್ಲಿ ಕೋಟೇಶ್ವರದ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ, "ಸಾರಿಗೆ ಖಾರ ಇತ್ತ್ ಮಗಾ" ಅಂದರು. ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಅಂದರೆ ಈಗ ಇದೆ ಅಂತ. ಬೆಂಗಳೂರಿನ ಕಿವಿಗೆ ಅದು ಭೂತಕಾಲ. ಖಾರ ಇತ್ತಂತೆ, ಈಗಿಲ್ಲವಂತೆ ಎಂದುಕೊಂಡು ಕೋಳಿ ಸಾರನ್ನು ಎರಡು ಸೌಟು ಬಡಿಸಿಕೊಂಡಳು. ಮೊದಲ ತುತ್ತಿಗೇ ವರ್ತಮಾನಕ್ಕೆ ಬಂದಳು. ನೀರಿಗೆ ಕೈ ಚಾಚಿದಾಗ ಅತ್ತೆ ಲೋಟ ಸರಿಸಿ ಮಜ್ಜಿಗೆ ಕೊಟ್ಟರು.

ವಿಜ್ಞಾನವೂ ಅತ್ತೆಯ ಪಕ್ಷ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಮಜ್ಜಿಗೆಯಲ್ಲಿರುವ ಪ್ರೋಟೀನು ಅದನ್ನು ಹಿಡಿದುಕೊಂಡು ನಾಲಗೆಯಿಂದ ಬಿಡಿಸುತ್ತದೆ. ಖಾರ ರುಚಿಯೇ ಅಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರದ ತುದಿಯನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಹಕ್ಕಿಗಳಿಗೆ ಈ ಉರಿ ತಾಗುವುದಿಲ್ಲ, ಅವು ಹಣ್ಣು ತಿಂದು ಬೀಜ ಹರಡುತ್ತವೆ. ಬುದ್ಧಿ ಬಂದ ಮನುಷ್ಯ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ ಇನ್ನೊಂದು ಸೌಟು ಕೇಳುತ್ತಾನೆ.

ರೆಡಿಂಗ್‌ನಲ್ಲಿ ಅಜ್ಜಿ ಮಸಾಲೆ ಹುಡಿ ಮಾಡಿದ ದಿನವನ್ನು ಆ ಬೀದಿ ಮರೆಯಲಿಕ್ಕಿಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿಯುವ ತನಕ ಪರಿಮಳ. ಬಾಣಲೆಗೆ ತೆಂಗಿನೆಣ್ಣೆ ಬಿಟ್ಟು ಕುಮ್ಟಿ ಹಾಕಿದ್ದೇ ಘಾಟೆದ್ದಿತು. ಮೊದಲು ಮೊಮ್ಮಗ ಕೆಮ್ಮಿದ, ಆಮೇಲೆ ಸೊಸೆ, ಆಮೇಲೆ ಗೋಡೆಯಾಚೆಯ ಮನೆಯ ಮುದುಕ. ಕೊನೆಗೆ ಮಾಡಿನ ಹೊಗೆ ಗಂಟೆ ಕೂಗಿಕೊಂಡಿತು. ಮಗ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರೆ ಅಜ್ಜಿ ಮಾತ್ರ ಸೆರಗಿನ ತುದಿ ಮೂಗಿಗೆ ಹಿಡಿದು ಸೌಟಾಡಿಸುತ್ತಲೇ ಇದ್ದರು. "ಹುರ್ದದ್ದ್ ಅರ್ಧಕ್ಕೆ ಬಿಟ್ರೆ ಸಾರ್ ಕೆಡತ್ತ್" ಎಂಬುದು ಅವರ ವಾದ.

ಮಗ ಹೆದರಿದ್ದಕ್ಕೆ ಕಾರಣವಿದೆ. 2007ರ ಅಕ್ಟೋಬರಿನಲ್ಲಿ ಲಂಡನ್ನಿನ ಸೋಹೋದ ಥಾಯ್ ಹೋಟೆಲೊಂದರಲ್ಲಿ ಅಡುಗೆಯವರು ಚಟ್ನಿಗೆಂದು ಮೆಣಸು ಹುರಿದರು. ಘಾಟಿಗೆ ದಾರಿಹೋಕರು ಕೆಮ್ಮಿ ಬಸವಳಿದರು. ವಿಷಾನಿಲವೆಂಬ ಗುಮಾನಿಯಲ್ಲಿ ರಸ್ತೆಗಳನ್ನು ಮುಚ್ಚಿದರು. ಮುಖಕ್ಕೆ ಉಸಿರಾಟದ ಸಾಧನ ಕಟ್ಟಿಕೊಂಡ ಅಗ್ನಿಶಾಮಕರು ಬಾಗಿಲು ಮುರಿದು ಒಳನುಗ್ಗಿ ಹೊರತಂದದ್ದು ಒಂದು ಪಾತ್ರೆ ಮೆಣಸು. ಬೈಂದೂರು ಕಡೆಯಲ್ಲಾಗಿದ್ದರೆ ಅದೇ ಘಾಟಿಗೆ ನೆರೆಮನೆಯವರು, "ಹ್ವಾಯ್, ಇವತ್ತ್ ಎಂತ ಸಾರ್?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದರು.

ಇಂಗ್ಲಿಷರಿಗೆ ಖಾರವೇ ಗೊತ್ತಿಲ್ಲ ಅನ್ನುವಂತಿಲ್ಲ. ಮಗನ ಆಫೀಸಿನವರು ವಿಂದಾಲೂ ತಿಂದದ್ದನ್ನು ಯುದ್ಧ ಗೆದ್ದ ಹಾಗೆ ಹೇಳಿಕೊಳ್ಳುತ್ತಾರೆ. ಅದೂ ಪೋರ್ಚುಗೀಸರದೇ ಸಂತಾನ: ವೈನು ಬೆಳ್ಳುಳ್ಳಿಯಲ್ಲಿ ನೆನೆಸಿದ ಮಾಂಸ ಗೋವೆಯಲ್ಲಿ ಮೆಣಸು ಸೇರಿಸಿಕೊಂಡು, ಹೆಸರು ಬದಲಿಸಿಕೊಂಡು ಅಲ್ಲಿಗೆ ತಲುಪಿದ್ದು. ಅವರ ಪೈಕಿ ಒಬ್ಬ ತಲೆಬುರುಡೆಯ ಚಿತ್ರವಿದ್ದ ಸಾಸ್ ಬಾಟಲಿಯನ್ನು ಮಗನಿಗೆ ಉಡುಗೊರೆ ಕೊಟ್ಟ. ಅದರ ಮೇಲೆ ಲಕ್ಷದ ಲೆಕ್ಕದಲ್ಲಿ ಸ್ಕೋವಿಲ್ ಅಂಕೆ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್, ಮೆಣಸಿನ ಸತ್ವಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ಖಾರ ಗೊತ್ತಾಗದಿರಲು ಎಷ್ಟು ಪಟ್ಟು ಬೆರೆಸಬೇಕೆಂದು ಜನರ ನಾಲಗೆಯಿಂದಲೇ ಅಳೆಸಿದ ಲೆಕ್ಕ ಅದು. ನಮ್ಮ ಬ್ಯಾಡಗಿ ಈ ಲೆಕ್ಕದಲ್ಲಿ ಹತ್ತು ಸಾವಿರದ ಆಸುಪಾಸು. 2023ರಲ್ಲಿ ಜಗತ್ತಿನ ಅತಿ ಖಾರದ ಮೆಣಸೆಂದು ಗಿನ್ನೆಸ್ ದಾಖಲೆ ಸೇರಿದ ಪೆಪ್ಪರ್ ಎಕ್ಸ್‌ನದು ಸರಾಸರಿ 26,93,000.

ಅಜ್ಜಿ ಆ ಸಾಸನ್ನು ಬೆರಳ ತುದಿಯಲ್ಲಿ ನೆಕ್ಕಿದರು. ಮನೆಯವರೆಲ್ಲ ಮಜ್ಜಿಗೆ ಹಿಡಿದು ನಿಂತಿದ್ದರು. ಅಜ್ಜಿ ಕಣ್ಣೊರೆಸಿಕೊಂಡು, "ಖಾರ ಇತ್ತ್, ರುಚಿ ಇಲ್ಲೆ" ಅಂದು ಬಾಟಲಿಯ ಮುಚ್ಚಳ ಹಾಕಿದರು. ಸ್ಕೋವಿಲ್ ಅಳೆಯದೆ ಬಿಟ್ಟದ್ದು ಅದೊಂದೇ.

ಮೊಮ್ಮಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮುಂದಿನ ಡಿಸೆಂಬರಿನಲ್ಲಿ, ಊರಿಗೆ ಬಂದಾಗ. ಹೊರಗಿನಿಂದ ಬಂದ ಮೆಣಸಿಗೆ ನಮ್ಮಲ್ಲಿ ಎಲ್ಲ ಕಡೆಯೂ ಪೌರತ್ವ ಸಿಕ್ಕಿದೆ ಅಂದುಕೊಳ್ಳಬಾರದು. ಕೋಟದ ಕಡೆಯ ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಅದಕ್ಕೆ ಇನ್ನೂ ವೀಸಾ ಆಗಿಲ್ಲ. ಪಿತೃಗಳು ಇವತ್ತಿಗೂ ಒಳ್ಳೆ ಮೆಣಸಿನ ಕಾಲದವರೇ. ಬೈಂದೂರು ತಾಲೂಕಿನ ಕೊಲ್ಲೂರಿನಲ್ಲೂ ರಾತ್ರಿ ಪೂಜೆಯ ಮೇಲೆ ಕೊಡುವ ಕಷಾಯ ಶುಂಠಿ, ಒಳ್ಳೆ ಮೆಣಸು, ಬೆಲ್ಲದ್ದು. ಹುಡುಗ ಒಂದು ಗುಟುಕು ಕುಡಿದ, ಗಂಟಲು ಚುರ್ ಅಂದಿತು, ಮತ್ತೆ ಕೈ ಒಡ್ಡಿದ. "ಅಜ್ಜಿ, ಇದು ಒಳ್ಳೆಯದು" ಎಂದ. ಕಷಾಯ ಸಿಗುವುದು ರಾತ್ರಿ ಪೂಜೆ ಮುಗಿದ ಮೇಲೆಯೇ. ಹೋಗುವವರು ಅಷ್ಟು ಹೊತ್ತು ನಿಲ್ಲುವ ಲೆಕ್ಕ ಹಾಕಿಕೊಂಡು ಹೋಗಿ.